ಹೊಳೆಗೆ ಬಿಟ್ಟ ಮಂತ್ರ

೧೯೯೯ರ ಮಳೆಗಾಲದಲ್ಲಿ ಲೋಕ ಮುಳುಗುತ್ತದೆ ಎಂಬ ಸುದ್ದಿ ಭಟ್ಕಳದ ಹತ್ತಿರದ ನಮ್ಮ ಹೆಬಳೆಗೆ ಬಂದಾಗ ಮೊದಲು ಸತ್ತದ್ದು ಕೋಳಿಗಳು. ಗ್ರಹಣದ ದಿನ ಸಂಜೆ ಸಮುದ್ರ ಉಕ್ಕುತ್ತದೆ, ಭಟ್ಕಳ, ಹೊನ್ನಾವರ, ಕುಮಟೆ ಎಲ್ಲ ಒಂದೇ ನೀರಾಗುತ್ತದೆ ಎಂದು ಯಾರೋ ಬಸ್ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬಂದಿದ್ದರು. ಹೇಗೂ ಮುಳುಗುವುದಾದರೆ ಕೋಳಿಯನ್ನು ಯಾರಿಗಾಗಿ ಉಳಿಸುವುದು ಎಂದು ಕೇರಿಯವರು ಯೋಚಿಸಿದರು. ಆ ವಾರವೆಲ್ಲ ಮನೆಮನೆಯಲ್ಲೂ ಮಸಾಲೆ ಅರೆಯುವ ಸದ್ದು. ಸಾವಿಗೆ ಹೆದರಿದ ಊರೊಂದು ಅಷ್ಟು ಚೆನ್ನಾಗಿ ಉಂಡದ್ದನ್ನು ನಾನು ಮತ್ತೆ ನೋಡಿಲ್ಲ.

ನಾನಾಗ ಏಳನೆಯ ಇಯತ್ತೆಯಲ್ಲಿದ್ದೆ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಅಪ್ಪನದು ರಸ್ತೆಬದಿಯ ಸಣ್ಣ ಕಿರಾಣಿ ಅಂಗಡಿ. ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಕುಮಟೆಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ರವಿಕೆ ಹೊಲಿದು ಬದುಕು ಮಾಡುತ್ತಿದ್ದಳು. ತಿಂಗಳಿಗೊಮ್ಮೆಯಾದರೂ ಬಸ್ಸಿನಲ್ಲಿ ಹೊನ್ನಾವರ ದಾಟಿ ತಾಯಿಯನ್ನು ನೋಡಲು ಬರುತ್ತಿದ್ದಳು. ಬಂದ ದಿನ ಅಮ್ಮನಿಗೂ ಅವಳಿಗೂ ಬಹಳ ಪ್ರೀತಿ. ಎರಡನೆಯ ದಿನಕ್ಕೆ ಸಾರಿಗೆ ಹುಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬಲ್ಲಿಂದ ಶುರುವಾಗುತ್ತಿತ್ತು.

ಅಜ್ಜಿಗೆ ಒಂದು ಮಂತ್ರ ಬರುತ್ತಿತ್ತು. ವೈರಿಯನ್ನು ಕೆಡವುವಂಥ, ನಿಧಿ ತೋರಿಸುವಂಥ ದೊಡ್ಡ ಮಂತ್ರವಲ್ಲ. ಮಕ್ಕಳ ಅಂಜಿಕೆ ಬಿಡಿಸುವ ಮಂತ್ರ. ಬೆಚ್ಚಿಬಿದ್ದ ಮಗು, ನಿದ್ದೆಯಲ್ಲಿ ಚೀರುವ ಮಗು, ಕಾರಣವಿಲ್ಲದೆ ಹಾಲು ಬಿಟ್ಟ ಮಗು, ಎಲ್ಲಕ್ಕೂ ಅದೊಂದೇ. ಕರಿ ದಾರಕ್ಕೆ ಒಂದೊಂದಾಗಿ ಗಂಟು ಹಾಕುತ್ತ, ಗಂಟು ಗಂಟಿಗೂ ತುಟಿಯೊಳಗೇ ಏನೋ ಹೇಳಿ ಫೂ ಎಂದು ಊದಿ, ಮಗುವಿನ ಕೈಗೆ ಕಟ್ಟುತ್ತಿದ್ದಳು. ಭಟ್ಕಳ ಪೇಟೆಯಿಂದ ನವಾಯತಿ ಮಾತಾಡುವ ಹೆಂಗಸರೂ ಬುರ್ಖಾದೊಳಗೆ ಕೂಸನ್ನು ಅವಚಿಕೊಂಡು ಬರುತ್ತಿದ್ದರು. ಅವರಿಗೆ ಅಜ್ಜಿಯ ಕನ್ನಡ ಅರ್ಧ ತಿಳಿಯುತ್ತಿತ್ತು, ಅಜ್ಜಿಗೆ ಅವರ ಮಾತು ಅದಕ್ಕಿಂತ ಕಡಿಮೆ. ಕೂಸು ಮಾತ್ರ ಅಳು ನಿಲ್ಲಿಸುತ್ತಿತ್ತು. ಒಂದು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದರು.

ಆ ಮಂತ್ರಕ್ಕೆ ಅದರದೇ ಕಟ್ಟುಪಾಡುಗಳಿದ್ದವು. ಯಾರಿಗಾದರೂ ಕೇಳುವಂತೆ ಹೇಳಿದರೆ ಸತ್ವ ಹೋಗುತ್ತದೆ. ಗ್ರಹಣ ಹಿಡಿದಾಗ ನೀರಿನಲ್ಲಿ ನಿಂತು ಹೇಳಿಕೊಳ್ಳದಿದ್ದರೆ ಮಾಸುತ್ತದೆ. ಬೇರೆಯವರಿಗೆ ಕೊಡುವುದಿದ್ದರೆ ಗ್ರಹಣದಲ್ಲೇ, ನೀರಿನಲ್ಲೇ, ಕಿವಿಯಲ್ಲೇ, ಒಬ್ಬರಿಗೆ ಮಾತ್ರ. ಕೊಡದೆ ಹೊಟ್ಟೆಯಲ್ಲಿಟ್ಟುಕೊಂಡು ಸಾಯಹೊರಟರೆ ಜೀವ ಸಲೀಸಾಗಿ ಹೋಗುವುದಿಲ್ಲ. ಅಜ್ಜಿಗೆ ಅದು ಬಂದದ್ದು ಅವಳ ಗಂಡನ ತಾಯಿಯಿಂದ, ಆಕೆಗೆ ಇನ್ಯಾರಿಂದಲೋ. ಎಷ್ಟು ತಲೆಮಾರು ಹಿಂದಿನದೆಂದು ಕೇಳಿದರೆ ಅಜ್ಜಿ ಹೊಳೆಯ ಕಡೆ ಕೈ ತೋರಿಸುತ್ತಿದ್ದಳು.

ತಂಟೆಯಿದ್ದದ್ದು ಒಬ್ಬರಿಗೆ ಮಾತ್ರ ಎಂಬಲ್ಲಿ. ಅತ್ತೆ ಅಜ್ಜಿಯ ಮಗಳು, ಅಮ್ಮ ಸೊಸೆ. ಇಬ್ಬರೂ ಅಜ್ಜಿಯನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದರು, ಇಬ್ಬರೂ ಮಂತ್ರ ತನಗೇ ಬರುತ್ತದೆಂದು ನಂಬಿದ್ದರು.

“ಅವಳ ಹೊಟ್ಟೇಲಿ ಹುಟ್ಟಿದ್ದು ನಾನಲ್ದಾ?” ಎನ್ನುತ್ತಿದ್ದಳು ಅತ್ತೆ.

“ಅವಳ ಹೊಟ್ಟಿಗೆ ಹಾಕೂದು ನಾನಲ್ದಾ?” ಎನ್ನುತ್ತಿದ್ದಳು ಅಮ್ಮ, ಅನ್ನ ಬಡಿಸುತ್ತ.

ಅಜ್ಜಿ ಕರಿ ದಾರದ ಉಂಡೆ ಸುತ್ತುತ್ತ ಕೂರುತ್ತಿದ್ದಳು. ಅಪ್ಪನಿಗೆ ಈ ವಿಷಯ ಬಂದ ಕೂಡಲೇ ಅಂಗಡಿಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಗ್ರಹಣದ ದಿನ ಎಂಥ ಮೋಡವೆಂದರೆ ಸೂರ್ಯನನ್ನು ಯಾರು ಹಿಡಿದರೂ ಬಿಟ್ಟರೂ ನಮಗೆ ತಿಳಿಯುವಂತಿರಲಿಲ್ಲ. ಮಧ್ಯಾಹ್ನ ಬೇಗ ಊಟ ಮುಗಿಸಿದೆವು. ವರ್ಷಕ್ಕೆಂದು ಹಾಕಿಟ್ಟ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅಜ್ಜಿ ಅಂದು ತಾನಾಗಿ ಬಿಚ್ಚಿ ಅಕ್ಕಪಕ್ಕದ ಮನೆಗಳಿಗೂ ಹಂಚಿದಳು. ಎರಡು ಮಿಡಿ ಕೇಳಿದರೆ ಕಣ್ಣು ಬಿಡುವ ಅಜ್ಜಿ ಭರಣಿಗೇ ಕೈ ಹಾಕಲು ಬಿಟ್ಟಾಗ ನನಗೆ ಲೋಕ ನಿಜಕ್ಕೂ ಮುಳುಗುತ್ತದೆ ಎಂದು ಖಾತ್ರಿಯಾಯಿತು. ಪಾಟೀಚೀಲ ತಬ್ಬಿಕೊಂಡು ದೇವರ ಕೋಣೆಯಲ್ಲಿ ಕೂತೆ.

ಸಂಜೆ ಅಜ್ಜಿ ಗದ್ದೆಯಾಚೆಯ ಹೊಳೆಗೆ ಹೊರಟಳು. ಅಮ್ಮ ಕೊಡೆ ಹಿಡಿದು ಹಿಂದೆ ನಡೆದಳು. ಅವಳು ಆಸೆಯಿಂದಲೇ ಹೋದಳು. ಅತ್ತೆ ಕುಮಟೆಯಲ್ಲಿದ್ದಾಳೆ, ಗ್ರಹಣವಿದೆ, ನೀರಿದೆ, ತಾನಿದ್ದೇನೆ. ಆದರೆ ಅಜ್ಜಿ ಅವಳನ್ನು ದಂಡೆಯಲ್ಲೇ ನಿಲ್ಲಿಸಿ ತಾನೊಬ್ಬಳೇ ಸೊಂಟದ ಮಟ್ಟದ ನೀರಿಗಿಳಿದು, ಬಹಳ ಹೊತ್ತು ಏನೋ ಹೇಳಿಕೊಂಡು, ಬೊಗಸೆ ನೀರನ್ನು ಹರಿವಿಗೆ ಬಿಟ್ಟು ಮೇಲೆ ಬಂದಳಂತೆ.

ಮನೆಗೆ ಬಂದವಳು ತಲೆ ಒರೆಸಿಕೊಳ್ಳುತ್ತ, “ಬಿಟ್ ಬಂದೆ” ಎಂದಳು.

“ಎಂತ ಬಿಟ್ಟದ್ದು?” ಅಪ್ಪ ಕೇಳಿದ.

“ಮಂತ್ರ. ಲೋಕವೇ ಹೋಗೂದಾದ್ರೆ ನಾ ಯಾರಿಗೆ ಕೊಡೂದು? ಹೊಟ್ಟೇಲಿಟ್ಕಂಡ್ ಸಾಯೂಕೆ ನಂಗೆ ಮನಸಿಲ್ಲ. ನೀರಿಂದ ಬಂದದ್ದು ನೀರಿಗೆ ಹೋತು. ಆತು.”

ಅಮ್ಮ ಒದ್ದೆ ಕೊಡೆಯನ್ನು ಮಡಿಚುವುದನ್ನೂ ಮರೆತು ಜಗಲಿಯಲ್ಲಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಹಾಲಿನವನು ಬಂದ. ಸಮುದ್ರ ಇದ್ದಲ್ಲೇ ಇತ್ತು, ಶಾಲೆಯೂ ಇತ್ತು. ಪ್ರಳಯದಲ್ಲಿ ಬದುಕುಳಿದವರಾದ ನಮಗೆ ಕೋಳಿಯೂ ಇಲ್ಲ, ಉಪ್ಪಿನಕಾಯಿಯೂ ಇಲ್ಲ, ಅಂಜಿಕೆ ದಾರವೂ ಇಲ್ಲ. ಮಗು ಎತ್ತಿಕೊಂಡು ಬಂದವರನ್ನು ಅಜ್ಜಿ ಕೂರಿಸಿ ಚಾ ಕೊಟ್ಟು ಹಿಂದೆ ಕಳಿಸುತ್ತಿದ್ದಳು. ಬಾಯಿಗೆ ಇನ್ನೂ ಬರ್ತದಲ್ಲ, ಹೇಳಿದರಾಯಿತಪ್ಪ ಎಂದು ಅಪ್ಪ ಅಂದರೆ, “ಬಾಯಿಗೆ ಬರ್ತದೆ. ಆದ್ರೆ ನಂದಲ್ಲ ಅದು. ಕೊಟ್ಟದ್ದನ್ನ ಹಿಂದೆ ಕೇಳೂದು ಹ್ಯಾಂಗೆ?” ಎಂದಳು. ಅಜ್ಜಿಗೆ ಪ್ರಳಯದಲ್ಲಿ ಅಷ್ಟು ನಂಬಿಕೆ ಇತ್ತೇ ಎಂದು ನನಗೆ ಈಗಲೂ ಅನುಮಾನ. ಮಗಳು ಸೊಸೆಯರಲ್ಲಿ ಒಬ್ಬಳನ್ನು ಆರಿಸುವ ಸಂಕಟದಿಂದ ಪಾರಾಗಲು ಅವಳಿಗೆ ಲೋಕ ಮುಳುಗುವುದಕ್ಕಿಂತ ಒಳ್ಳೆಯ ನೆಪ ಸಿಗುವಂತಿರಲಿಲ್ಲ.

ಆದರೆ ಜಗಳ ಅಲ್ಲಿಂದಲೇ ಶುರುವಾಯಿತು. ಇದ್ದ ಮಂತ್ರಕ್ಕೆ ಇಷ್ಟು ಕಾದಾಟ ಇರಲಿಲ್ಲ. ಹೋದ ಮಂತ್ರಕ್ಕೆ ಬಂತು. ಕೊಡೆ ಹಿಡಿದು ನಿಂತಿದ್ದ ಅಮ್ಮನ ಕಿವಿಗೆ ಮಳೆಯ ಸದ್ದಿನ ನಡುವೆ ಒಂದಿಷ್ಟು ಬಿದ್ದಿತ್ತು. ಮತ್ತೆ ಮತ್ತೆ ಬಂದ ಮಾತೆಂದರೆ ‘ಬಾ’. ಅಮ್ಮ ಅದರ ಮೇಲೆ ತನ್ನ ಲೆಕ್ಕ ಕಟ್ಟಿದಳು. ಅಂಜಿದಾಗ ಮಗುವಿನ ಜೀವ ಹೆದರಿದ ಜಾಗದಲ್ಲೇ ಉಳಿದುಬಿಡುತ್ತದೆ, ಅದನ್ನು ಕರೆಯುವ ಮಂತ್ರ ಇದು, ‘ಬಾ, ಬಾ’ ಎಂದು. ಪಕ್ಕದ ಮನೆಯ ಕೂಸೊಂದು ರಚ್ಚೆ ಹಿಡಿದಾಗ ಗುಟ್ಟಾಗಿ ಕರಿ ದಾರ ಕಟ್ಟಿಯೂ ಬಿಟ್ಟಳು.

ಚೌತಿಗೆ ಬಂದ ಅತ್ತೆಗೆ ಅದು ಗೊತ್ತಾಯಿತು. ಅತ್ತೆಯ ಹತ್ತಿರವೂ ಒಂದು ತುಂಡು ಇತ್ತು. ಚಿಕ್ಕವಳಿದ್ದಾಗ ತನ್ನ ಕೈಗೇ ಎಷ್ಟೋ ಸಲ ದಾರ ಕಟ್ಟಿಸಿಕೊಂಡವಳು, ಅಜ್ಜಿಯ ತುಟಿಗೆ ಕಿವಿ ಹಚ್ಚಿ ಕೂತವಳು. ಗಂಟು ಗಂಟಿಗೂ ಕೊನೆಯ ಮಾತು ‘ಹೋ’ ಎಂದು ಹೊರಡುತ್ತಿತ್ತು, ‘ಫೂ’ ಎಂಬ ಊದಿನಲ್ಲಿ ಮುಗಿಯುತ್ತಿತ್ತು. ಅದು ‘ಹೋಗು’ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

“ಅಂಜಿಕೆಗೆ ಬಾ ಅಂತ ಕರೆದ್ರ್ಯಾ ಅತ್ತಿಗೆ?” ಅತ್ತೆ ನಕ್ಕಳು. “ಕೂಸಿನ ಗತಿ ಎಂತ ಆಗಬೇಕು?”

“ಅಂಜಿಕೆ ಅಲ್ಲ, ಜೀವ ಕರ್ದದ್ದು. ನೀ ಹೋಗು ಅಂದ್ರೆ ಜೀವವೇ ಹೋತದೆ.”

“ನಂಗೆ ಕಲಿಸೂಕೆ ಬರ್ಬೇಡಿ. ನಮ್ಮನೆ ಮಂತ್ರ ಅದು.”

“ನಮ್ಮನೆ” ಎಂಬ ಆ ಮಾತು ಅಮ್ಮನನ್ನು ಚುಚ್ಚಿತು. ಮದುವೆಯಾಗಿ ಬಂದು ಇಷ್ಟು ವರ್ಷ ತಾನು ಒರೆಸಿದ್ದು ಯಾರ ಮನೆಯ ನೆಲ ಎಂದು ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಗಣಪತಿ ಇನ್ನೂ ಮಣೆಯ ಮೇಲೆ ಕೂತಿರುವಾಗಲೇ ಅತ್ತೆ ಚೀಲ ಎತ್ತಿಕೊಂಡು, ಪಂಚಕಜ್ಜಾಯವನ್ನೂ ಮುಟ್ಟದೆ ಬಸ್ಸು ಹತ್ತಿದಳು. ಆಮೇಲೆ ಅವಳು ಬಂದರೂ ಅಮ್ಮ ಸಂತೆಗೆ ಹೋದ ಹೊತ್ತು ನೋಡಿ ಬರುತ್ತಿದ್ದಳು. ಇಬ್ಬರೂ ಮಾತು ಬಿಟ್ಟರು.

ಅಂಥ ಮನೆಗಳಲ್ಲಿ ನಡುವೆ ಓಡಾಡಲು ಒಬ್ಬರು ಬೇಕು. ಪಿಯುಸಿ ಮುಗಿಸಿ ಶಿಕ್ಷಕರ ತರಬೇತಿಗೆಂದು ನಾನು ಕುಮಟೆಗೆ ಹೋದಾಗ ಅತ್ತೆಯ ಮನೆಯಲ್ಲೇ ಉಳಿದೆ, ಆ ಕೆಲಸ ನನ್ನ ಪಾಲಿಗೆ ಬಂತು. ಶನಿವಾರ ರೈಲಿನಲ್ಲಿ ಭಟ್ಕಳಕ್ಕೆ, ಸೋಮವಾರ ಹಿಂದಕ್ಕೆ. ಅಮ್ಮ ಹೊಸ ಮಿಡಿ ಉಪ್ಪಿನಕಾಯಿ ಕಟ್ಟಿಕೊಡುವಳು, “ನಾ ಕೊಟ್ಟದ್ದು ಅಂತ ಹೇಳ್ಬೇಡ” ಎನ್ನುವಳು. ಅತ್ತೆ ಅಮ್ಮನ ಅಳತೆಯ ರವಿಕೆ ಹೊಲಿದುಕೊಡುವಳು, “ಉಳ್ದ ಬಟ್ಟೆ ಅಂತ ಹೇಳು” ಎನ್ನುವಳು. ಅಮ್ಮ ದಪ್ಪಗಾದದ್ದು ಅತ್ತೆಗೆ ನನ್ನಿಂದ ಗೊತ್ತಾಗಿರಲಿಲ್ಲ, ಆದರೂ ರವಿಕೆ ಸರಿಯಾಗಿ ಕೂರುತ್ತಿತ್ತು. ಇವರಿಬ್ಬರ ಸಿಟ್ಟು ನನಗೆ ಒಮ್ಮೊಮ್ಮೆ ತಲೆ ಚಿಟ್ಟು ಹಿಡಿಸುತ್ತಿತ್ತು.

ಆ ವರ್ಷವೇ ಅಜ್ಜಿ ಮರೆಯತೊಡಗಿದಳು. ಮೊದಲು ಒಲೆಯ ಮೇಲಿಟ್ಟ ಹಾಲನ್ನು, ಆಮೇಲೆ ದಾರಿಯನ್ನು, ಆಮೇಲೆ ನಮ್ಮನ್ನು. ನನ್ನನ್ನು ಪಾಠ ಹೇಳುವ ಶಾಲೆಯ ಬಾಯೋರು ಎಂದು ಕರೆದು ಮಣೆ ಹಾಕುತ್ತಿದ್ದಳು. ಬಾಯೋರು ಆಗಲಿಕ್ಕೇ ಓದುತ್ತಿದ್ದೇನೆ ಎಂದು ನಾನೂ ಕೂರುತ್ತಿದ್ದೆ. ಹಗಲು ಹೇಗೋ ಕಳೆಯುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಅಜ್ಜಿ ಬೇರೆಯೇ ಆಗುತ್ತಿದ್ದಳು. ಮೈಯೆಲ್ಲ ನಡುಕ. ಕಾಲನ್ನು ಮಂಚದ ಮೇಲೆ ಎಳೆದುಕೊಂಡು, “ನೀರ್ ಬಂತು, ನೀರ್ ಬಂತು, ಮಕ್ಳನ್ನ ಅಟ್ಟಕ್ಕೆ ಹತ್ಸಿ” ಎಂದು ಕೂಗುವಳು. ಊರಿಗೆಲ್ಲ ತಪ್ಪಿಹೋದ ಪ್ರಳಯ ನಮ್ಮ ಮನೆಯ ಒಂದು ಮಂಚಕ್ಕೆ ದಿನವೂ ಬರತೊಡಗಿತು. ಭಟ್ಕಳದ ಡಾಕ್ಟರು, ಇದು ವಯಸ್ಸಿನ ಮರೆವು, ಸಂಜೆಗೆ ಹೆಚ್ಚಾಗುವುದುಂಟು ಎಂದು ಹೇಳಿ ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬರುತ್ತಿತ್ತು, ಆದರೆ ಸಂಜೆ ತಪ್ಪುತ್ತಿರಲಿಲ್ಲ.

ಎಲ್ಲರ ಮಕ್ಕಳ ಅಂಜಿಕೆ ಬಿಡಿಸಿದವಳಿಗೆ ಅಂಜಿಕೆ ಹತ್ತಿದರೆ ಬಿಡಿಸುವವರು ಯಾರು? ಅಮ್ಮ ತನ್ನ ‘ಬಾ’ ಹೇಳಿ ದಾರ ಕಟ್ಟಿ ನೋಡಿದಳು. ಅಜ್ಜಿ ಅದನ್ನು ಕಿತ್ತು ಎಸೆದು, ನೀರು ಇನ್ನೂ ಮೇಲೆ ಬಂತೆಂದು ಗೋಡೆಗೆ ಒತ್ತಿಕೊಂಡಳು. ಕುಮಟೆಯಲ್ಲಿ ನಾನು ಇದನ್ನು ಹೇಳಿದಾಗ ಅತ್ತೆ ಹೊಲಿಗೆ ನಿಲ್ಲಿಸಿದಳು. ಶನಿವಾರ ಹೊರಡುವಾಗ ತಾನು ‘ಹೋಗು’ ಹೇಳಿ ಗಂಟು ಹಾಕಿದ ದಾರವೊಂದನ್ನು ನನ್ನ ಚೀಲದಲ್ಲಿಟ್ಟಳು. ಅಮ್ಮ ಅದನ್ನು ನೋಡಿ ಮುಖ ಸಿಂಡರಿಸಿದಳು, ಆದರೂ ತಾನೇ ಅಜ್ಜಿಯ ಕೈಗೆ ಕಟ್ಟಿದಳು. ಅದೂ ನಾಟಲಿಲ್ಲ. ಅಂದು ಅಜ್ಜಿ ಕೂಗಿ ಕೂಗಿ ಗಂಟಲು ಕಟ್ಟಿ, ಧ್ವನಿಯಿಲ್ಲದೆ ಬಾಯಿ ತೆರೆಯುತ್ತಿದ್ದಳು. ಅಮ್ಮ ಹಿತ್ತಲಿಗೆ ಹೋಗಿ ಅತ್ತು ಬಂದಳು.

“ನಿನ್ ಅತ್ತೀನ ಕರ್ಕಂಡ್ ಬಾ” ಎಂದಳು ನನಗೆ. “ನಾ ಕರೆದೆ ಅಂತ್ಲೇ ಹೇಳು.”

ಅತ್ತೆ ಬಂದದ್ದು ಮರುವಾರದ ಒಂದು ಸಂಜೆ. ಅಮ್ಮ ನೀರು ಕೊಟ್ಟಳು, ಅತ್ತೆ ಕುಡಿದಳು, ಅಷ್ಟೇ ಮಾತು. ದೀಪ ಹಚ್ಚಿದ ಕೂಡಲೇ ಅಜ್ಜಿಗೆ ನಡುಕ ಶುರುವಾಯಿತು. ಇಬ್ಬರೂ ಮಂಚದ ಎರಡು ಬದಿಗೆ ಕೂತರು. ಕರಿ ದಾರದ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ಅತ್ತೆಯ ಕೈಯಲ್ಲಿ. ಅಲ್ಲಿಯೂ ಅವರಿಗೆ ಹೊಂದಲಿಲ್ಲ. ‘ಹೋಗು’ ಮೊದಲೋ ‘ಬಾ’ ಮೊದಲೋ ಎಂದು ಪಿಸುದನಿಯಲ್ಲಿ ಕಚ್ಚಾಡಿದರು. ಅಷ್ಟರಲ್ಲಿ ಅಜ್ಜಿ ಅತ್ತೆಯ ಕೈಯನ್ನು ತಳ್ಳಿ, “ನೀ ಯಾರು? ನನ್ ಮಗಳು ಎಲ್ಲಿ? ನೀರಲ್ಲಿ ಹೋತಾ?” ಎಂದಳು.

ಅತ್ತೆಗೆ ತಡೆಯಲಾಗಲಿಲ್ಲ. ಅಷ್ಟು ಗಟ್ಟಿ ಹೆಂಗಸು ಮಂಚದ ಅಂಚಿಗೆ ತಲೆಯಿಟ್ಟು ಚಿಕ್ಕ ಹುಡುಗಿಯಂತೆ ಬಿಕ್ಕಿದಳು. “ಅಮ್ಮಾ, ನಂಗೆ ಹೆದ್ರಿಕೆ ಆತದೆ” ಎಂದಳು. ಅದನ್ನು ನೋಡಿ ಅಮ್ಮನೂ ಅಳತೊಡಗಿದಳು.

ಅಜ್ಜಿಯ ಕೂಗು ನಿಂತಿತು. ಅವಳು ಇಬ್ಬರನ್ನೂ ಬಗ್ಗಿ ನೋಡಿದಳು. “ಯಾರ ಮಕ್ಳು ಇವು? ಪಾಪ, ಅಂಜ್ಕಂಡವೆ” ಎಂದು ನನಗೆ ಹೇಳಿ ದಾರ ಎಳೆದುಕೊಂಡಳು. ಏನೆಲ್ಲ ಮರೆತಿದ್ದರೂ ಬೆರಳುಗಳು ಗಂಟು ಮರೆತಿರಲಿಲ್ಲ. ತುಟಿಯೊಳಗೆ ಹೇಳಬೇಕೆಂಬುದನ್ನು ಮಾತ್ರ ಮರೆತಿದ್ದಳು. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಮಗುವನ್ನು ಮಾತಾಡಿಸುವ ಹಾಗೆ ಹೇಳಿದಳು. ಪೂರ್ತಿ ಮಂತ್ರವನ್ನು ನಾನಿಲ್ಲಿ ಬರೆಯುವುದಿಲ್ಲ. ನಂಬುತ್ತೇನೆ ಎಂದಲ್ಲ, ಸುಮ್ಮನೆ ಯಾಕೆ ಕೆದಕುವುದು. ಗಂಟು ಗಂಟಿಗೂ ಕೊನೆಯ ಮಾತು ಮಾತ್ರ ಹೇಳುತ್ತೇನೆ. ಅಂಜಿಕೆಯನ್ನು ಉದ್ದೇಶಿಸಿ ಅಜ್ಜಿ ಅಂದದ್ದು ‘ಹೋಗು’ ಎಂದಲ್ಲ, ‘ಬಾ’ ಎಂದೂ ಅಲ್ಲ.

‘ಹೋಯ್ ಬಾ’ ಎಂದು.

ಅಂಗಳ ಇಳಿಯುವ ಯಾರಿಗಾದರೂ ನಮ್ಮಲ್ಲಿ ಅನ್ನುವ ಮಾತು. ಅತ್ತೆಗೆ ಬಾಲ್ಯದಲ್ಲಿ ಕೇಳಿಸದ ಕೊನೆಯನ್ನು ಊದು ನುಂಗಿತ್ತು. ಅಮ್ಮನಿಗೆ ದಂಡೆಯಲ್ಲಿ ಕೇಳಿಸದ ಮೊದಲನ್ನು ಮಳೆ ನುಂಗಿತ್ತು. ಇಬ್ಬರೂ ಮೂಗು ಒರೆಸುವುದನ್ನು ಬಿಟ್ಟು ಪರಸ್ಪರ ಮುಖ ನೋಡಿದರು.

“ಅಂಜಿಕೆಗೂ ಹೋಗು ಅನ್ಲಿಲ್ಲ ಇವಳು” ಎಂದಳು ಅಮ್ಮ.

“ಹೋಗು ಅಂತ ಯಾರಿಗೆ ಅಂದಿದ್ಳು?” ಅತ್ತೆ ಅಳುವಿನ ನಡುವೆಯೇ ನಕ್ಕಳು. “ಅಂಗಳಕ್ಕೆ ನಾಗರ ಬಂದಾಗ್ಲೂ ಹೋಯ್ ಬಾ ಮಾರಾಯ ಅಂದ್ಳಲ್ದಾ ಅತ್ತಿಗೆ, ನಾವು ಮಂಚ ಹತ್ತಿ ನಿಂತಿದ್ದು?”

ಅಜ್ಜಿ ಒಂದು ದಾರ ಅತ್ತೆಗೆ, ಒಂದು ಅಮ್ಮನಿಗೆ ಕಟ್ಟಿ, ಕೆಲಸ ಮುಗಿದವಳಂತೆ ಗೋಡೆಗೆ ಒರಗಿದಳು. ಆಮೇಲೆ ಅವರಿಬ್ಬರೂ ಸೇರಿ ಅವಳ ಕೈಗೆ ಕಟ್ಟಿದರು, ಹಾಗೇ ಗಟ್ಟಿಯಾಗಿ ಹೇಳುತ್ತ. ಗ್ರಹಣವಿರಲಿಲ್ಲ, ನೀರಿರಲಿಲ್ಲ, ಕೇಳಿದವರು ಒಬ್ಬರಲ್ಲ ಮೂವರು. ಕಟ್ಟುಪಾಡಿನ ಪ್ರಕಾರ ಅದರಲ್ಲಿ ಸತ್ವವೇ ಇರಬಾರದು. ಅಜ್ಜಿ ಕೈಯನ್ನು ತಿರುಗಿಸಿ ಗಂಟುಗಳನ್ನು ಮುಟ್ಟಿ ನೋಡಿ, “ನೀರ್ ಇಳೀತು” ಎಂದು ಹೇಳಿ ಗಂಜಿ ಕೇಳಿದಳು.

ಮರುದಿನ ಅತ್ತೆ ಹೊರಡುವವಳಿದ್ದಳು. ಸಂಜೆ ದೀಪ ಹಚ್ಚಿದರೆ ನಡುಕ ಮತ್ತೆ ಬಂತು, ನೀರೂ ಬಂತು. ಅತ್ತೆಯ ಮುಖ ಸಣ್ಣದಾಯಿತು.

“ಹೋಯ್ ಬಾ ಅಂದ್ರೆ ಬರ್ದೆ ಇರ್ತದಾ?” ಎಂದಳು ಅಮ್ಮ. “ದಾರ ತಕ್ಕಂಡ್ ಬಾ ತಂಗಿ.”

ಆ ದಿನವೂ ಕಟ್ಟಿದರು, ಆ ದಿನವೂ ಅದು ಹೋಯಿತು. ಅದರ ಮರುದಿನ ಮತ್ತೆ ಬಂತು. ಆ ಮಂತ್ರದ ಶಕ್ತಿ ಇಷ್ಟೇ ಎಂದು ನಮಗೆ ಆಗ ತಿಳಿಯಿತು. ಅದು ಅಂಜಿಕೆಯನ್ನು ಓಡಿಸುವುದಿಲ್ಲ, ಬೀಳ್ಕೊಡುತ್ತದೆ. ಬಂದಾಗೆಲ್ಲ ಬೀಳ್ಕೊಡಲು ಯಾರಾದರೂ ಬಾಗಿಲಲ್ಲಿ ಇರಬೇಕು. ಅತ್ತೆ ಇಂದು ನಾಳೆ ಎನ್ನುತ್ತ ಉಳಿದಳು. ಕೊನೆಗೆ ನಾನೇ ಕುಮಟೆಯಿಂದ ಅವಳ ಹೊಲಿಗೆ ಯಂತ್ರವನ್ನು ಟೆಂಪೋದಲ್ಲಿ ಹೇರಿಸಿ ತಂದೆ; ಹೊನ್ನಾವರದ ಸೇತುವೆ ದಾಟುವಾಗ ಅದರ ಗಾಲಿ ತಾನೇ ತಿರುಗುತ್ತಿತ್ತು. ನನ್ನ ಉಳಿದ ಓದು ರೈಲಿನಲ್ಲಿ ಓಡಾಡಿಕೊಂಡೇ ಮುಗಿಯಿತು. ಹಗಲೆಲ್ಲ ಅವರಿಬ್ಬರ ಜಗಳ ಮೊದಲಿನಂತೆಯೇ ನಡೆಯುತ್ತಿತ್ತು, ಸಾರಿನ ಹುಳಿಯಿಂದ ಹಿಡಿದು ಒಗೆದ ಬಟ್ಟೆಯ ತನಕ. ಸಂಜೆಯಾದರೆ ಒಬ್ಬಳು ಅಜ್ಜಿಯ ಎಡಕ್ಕೆ, ಒಬ್ಬಳು ಬಲಕ್ಕೆ.

ಅಜ್ಜಿ ಹೋದದ್ದು ಮುಂದಿನ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಅಂಜಿಕೆ ಬರುವ ಹೊತ್ತೇ ಅಲ್ಲದ ಹೊತ್ತಿನಲ್ಲಿ. ಜೀವ ಸಲೀಸಾಗಿ ಹೋಯಿತು. ಇಡೀ ದಿನ ಜನ ಬಂದರು. ಕೈಗೆ ದಾರ ಕಟ್ಟಿಸಿಕೊಂಡಿದ್ದ ಕೂಸುಗಳು ಈಗ ಮೀಸೆ ಬಂದವರಾಗಿ, ಸೀರೆ ಉಟ್ಟವರಾಗಿ ಬಂದರು. ಸಾವಿನ ಮನೆಯಲ್ಲಿ ‘ಬರ್ತೇನೆ’ ಎಂದು ಹೇಳಿ ಹೊರಡುವಂತಿಲ್ಲ, ನಾವೂ ‘ಹೋಯ್ ಬಾ’ ಎನ್ನುವಂತಿಲ್ಲ. ಎಲ್ಲರೂ ಮಾತಿಲ್ಲದೆ ಎದ್ದು ಅಂಗಳ ಇಳಿದರು. ಹಾಗೆ ಹೇಳದೆ ಹೋಗುವವರನ್ನು ನೋಡುವುದು ನನಗೆ ಸಾವಿಗಿಂತ ಕಷ್ಟವಾಯಿತು.

ಸಂಜೆಯಾಯಿತು. ಮನೆಯಲ್ಲಿ ನಾವಷ್ಟೇ ಉಳಿದೆವು. ಅಜ್ಜಿಯ ತಲೆಯಿದ್ದ ಜಾಗದಲ್ಲಿಟ್ಟ ದೀಪಕ್ಕೆ ಎಣ್ಣೆ ಹಾಕಿದ ಮೇಲೆ ಅಮ್ಮ, ಅತ್ತೆ ಇಬ್ಬರೂ ರೂಢಿಯ ಮೇಲೆ ಎದ್ದು ಹೋಗಿ ಖಾಲಿ ಮಂಚದ ಎರಡು ಬದಿಗೆ ಕೂತರು. ಅತ್ತೆಯ ಕೈಯಲ್ಲಿ ಕರಿ ದಾರವೂ ಇತ್ತು. ತಂದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಅದನ್ನು ನೋಡಿ ಅಮ್ಮ ತನ್ನ ಕೈಯನ್ನು ಮಂಚದ ಮೇಲೆ ಚಾಚಿದಳು.

ಅತ್ತೆ ಗಂಟು ಹಾಕಿದಳು. ಮಂತ್ರ ಹೇಳುತ್ತ ಬಂದು ಕೊನೆಯ ಮಾತಿನ ಹತ್ತಿರ ನಿಂತುಬಿಟ್ಟಳು. ಸೂತಕದ ಮನೆಯಲ್ಲಿ ಹೇಳಬಾರದ ಮಾತು ಅದು; ಹೇಳಿದರೆ ಹೋದವರೂ ಹಿಂದೆ ಬಂದಾರು ಎನ್ನುತ್ತಾರೆ.

“ಹೇಳ್ ತಂಗಿ” ಎಂದಳು ಅಮ್ಮ. “ಬರ್ಲಿ.”